ಅರ್ಜಿಗೂ ಸನ್ಮಾನಕ್ಕೂ ನಡುವೆ ಒಂದು ತರಗತಿ

ಕನ್ನಡದಲ್ಲಿ ಅಂಗವೈಕಲ್ಯದ ಬಗ್ಗೆ ಎರಡು ಬಗೆಯ ಬರವಣಿಗೆ ಧಾರಾಳವಾಗಿ ನಡೆಯುತ್ತದೆ. ಒಂದು ಅರ್ಜಿ, ಇನ್ನೊಂದು ಸಾಧಕರ ಪರಿಚಯ. ಅರ್ಜಿಯನ್ನು ನಾವು ಬರೆಯುತ್ತೇವೆ, ಪರಿಚಯವನ್ನು ನಮ್ಮ ಮೇಲೆ ಬೇರೆಯವರು ಬರೆಯುತ್ತಾರೆ. ಅರ್ಜಿಗೆ ನಡುಬಗ್ಗಿದ ಒಂದು ಭಂಗಿ ಗೊತ್ತಾಗಿಹೋಗಿದೆ: ಮಾನ್ಯರಲ್ಲಿ ವಿನಂತಿ, ಲಗತ್ತಿಸಿದ ದಾಖಲೆಗಳ ಪಟ್ಟಿ, ದಯಮಾಡಿ ಪರಿಗಣಿಸಬೇಕೆಂಬ ಮುಕ್ತಾಯ. ಪರಿಚಯದ ಭಂಗಿಯೂ ಗೊತ್ತಾಗಿದೆ: ಶಾಲು ಹೊದ್ದ ಫೋಟೊ, ಶೀರ್ಷಿಕೆಯಲ್ಲಿ ‘ಛಲ’, ಎರಡನೇ ಪ್ಯಾರಾದಲ್ಲಿ ತಾಯಿಯ ಕಣ್ಣೀರು. ಡಿಸೆಂಬರ್ 3ರ ಅಂಗವಿಕಲರ ದಿನ ಹತ್ತಿರ ಬಂತೆಂದರೆ ಪತ್ರಿಕೆಗಳಿಗೆಲ್ಲ ಇಂಥದ್ದೊಂದು ಬೇಕು, ಈ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಡಿಸೆಂಬರ್ 4ಕ್ಕೆ ಬೇಡ. ಇವೆರಡನ್ನೂ ಬಿಟ್ಟು ಮೂರನೆಯದೊಂದಿದೆ: ವಾದ ಹೂಡುವ ಬರವಣಿಗೆ. ಲೆಕ್ಕ ಕೇಳುವ, ಎದುರಿನವರ ಮಾತಿಗೆ ಉತ್ತರ ಕೊಡುವ, ತಾನು ಯಾರೆಂದು ಹೇಳಿಕೊಳ್ಳದೆಯೂ ಬರೆಯಬಹುದಾದ ಬರವಣಿಗೆ. ಅದು ನಮ್ಮಲ್ಲಿ ತೀರಾ ಕಡಿಮೆ. ಅದನ್ನು ಕಲಿಸಲು ಬರುತ್ತದೆ, ಪದವಿ ತರಗತಿಯಲ್ಲೇ ಕಲಿಸಬೇಕು, ಬಿ.ಎಡ್.ನಲ್ಲೋ ಸಮಾಜಕಾರ್ಯದಲ್ಲೋ ಬೇರೆ ಕೂರಿಸುವ ಬದಲು ಭಾಷಾ ವಿಷಯದ ಒಳಗೇ ಕಲಿಸಬೇಕು ಎಂಬುದು ನನ್ನ ವಾದ.

ನನಗೆ ಎರಡೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಊರು ಅರಸೀಕೆರೆ ಕಡೆ. ಚಿಕ್ಕಂದಿನಲ್ಲಿ ಅಪ್ಪ ಮೈಸೂರಿಗೆ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಗಾಜಿನ ಕೋಣೆಯೊಳಗೆ ಕೂತು, ‘ಕುಂಯ್’ ಎಂದಾಗಲೆಲ್ಲ ಗುಂಡಿ ಒತ್ತಬೇಕು. ಹೊರಗೆ ಬಂದಾಗ ಕೈಯಲ್ಲೊಂದು ಗ್ರಾಫು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆಂದರೆ, ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದಶ್ರವಣ. ನನ್ನ ಗೆರೆ 60ರ ಈಚೆಗೇ ನಿಂತುಬಿಟ್ಟಿದೆ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ನಾನು ಏನೂ ಅಲ್ಲ. ತರಗತಿಯಲ್ಲಿ ಮೂರನೇ ಬೆಂಚಿನ ಹಿಂದೆ ಕೂತರೆ ಪಾಠ ಅರ್ಧ ಮಾತ್ರ ಕಿವಿಗೆ ಬೀಳುತ್ತದೆ, ಉಳಿದರ್ಧವನ್ನು ತುಟಿ ನೋಡಿ ಊಹಿಸಬೇಕು. ಕನ್ನಡದಲ್ಲಿ ತುಟಿ ಓದುವವರ ಪಾಡು ಹೇಳತೀರದು. ಮರ, ಬರ, ಪರ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ.

ಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಪಿಎಚ್.ಡಿ.ಗೆಂದು ಅಮೆರಿಕದ ಮಧ್ಯಪಶ್ಚಿಮದ ಒಂದು ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿ ಎಂಜಿನಿಯರಿಂಗ್, ನರ್ಸಿಂಗ್, ಕೃಷಿ, ಯಾವುದನ್ನೇ ಓದಲಿ, ಮೊದಲ ವರ್ಷ ಬರವಣಿಗೆಯ ತರಗತಿ ಕಡ್ಡಾಯ. ಅದನ್ನು ನಡೆಸುವವರು ಬಹುಪಾಲು ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು. ಫೀಸು ಮನ್ನಾ ಆಗುವುದು, ಕೈಗಷ್ಟು ಸಂಬಳ ಬರುವುದು ಅದರಿಂದಲೇ. ಒಂದೊಂದು ವಿಭಾಗಕ್ಕೂ ಒಂದು ವಸ್ತು ಇರುತ್ತದೆ. ಒಬ್ಬರು ಆಹಾರ, ಒಬ್ಬರು ಕ್ರೀಡೆ, ಒಬ್ಬರು ಹವಾಮಾನ. ನಾನು ಸೇರಿದ್ದು ಅಂಗವೈಕಲ್ಯ ಅಧ್ಯಯನದ ಮೇಲೆ ನಡೆಯುತ್ತಿದ್ದ ತರಗತಿಗೆ. ಮೊದಲ ಸೆಮಿಸ್ಟರು ಹಿರಿಯ ಅಧ್ಯಾಪಕಿಯೊಬ್ಬರ ಕೈಕೆಳಗೆ ಪಳಗಬೇಕಿತ್ತು. ಅವರದೊಂದು ಷರತ್ತು: ಕಲಿಸಲು ಬಂದವರೂ ಹುಡುಗರ ಜೊತೆ ಕೂತು ಎಲ್ಲ ಪ್ರಬಂಧಗಳನ್ನೂ ಬರೆಯಬೇಕು, ಹುಡುಗರಿಂದಲೇ ತಿದ್ದಿಸಿಕೊಳ್ಳಬೇಕು. ಹೀಗೆ ನಾನು ಅಲ್ಲಿ ಮೊದಲು ವಿದ್ಯಾರ್ಥಿ, ಆಮೇಲೆ ಮೇಡಂ.

ಹುಡುಗರಲ್ಲಿ ಹೆಚ್ಚಿನವರು ವಿಷಯಕ್ಕೆಂದು ಬಂದವರಲ್ಲ. ಬೆಳಿಗ್ಗೆ ಎಂಟರ ತರಗತಿ ಬೇಡ, ಇದು ಹನ್ನೊಂದಕ್ಕಿದೆ ಎಂದು ಬಂದವರು. ನನಗೇನೋ ಅದೇ ಒಳ್ಳೆಯದೆನಿಸಿತು. ಮೊದಲೇ ಮರುಗಿ ಬಂದವರಿಗೆ ಕಲಿಸುವುದು ಇನ್ನೂ ಕಷ್ಟ.

ಅಂಗವೈಕಲ್ಯ ಒಂದು ಅಧ್ಯಯನ ಶಾಖೆಯಾಗಿ ಬೆಳೆದ ಕಥೆ ದೊಡ್ಡದು, ಇಲ್ಲಿ ಬೇಕಾದಷ್ಟೇ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಗಾಲಿಕುರ್ಚಿ ಹಿಡಿದ ಸೈನಿಕರು ಓದಲು ಬಂದಾಗ, 1948ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ನ್ಯೂಜೆಂಟ್ ಎಂಬವರು ಅವರಿಗಾಗಿ ವ್ಯವಸ್ಥೆ ಶುರು ಮಾಡಿದರು. ರ‍್ಯಾಂಪು, ಲಿಫ್ಟಿರುವ ಬಸ್ಸು ಎಲ್ಲ ಆ ದಾರಿಯಲ್ಲಿ ಬಂದವು. ಬ್ರಿಟನ್ನಿನಲ್ಲಿ ಅಂಗವಿಕಲರ ಒಂದು ಸಂಘಟನೆ 1976ರಲ್ಲಿ, ನಮ್ಮನ್ನು ನಿಷ್ಕ್ರಿಯಗೊಳಿಸುತ್ತಿರುವುದು ಸಮಾಜದ ಏರ್ಪಾಡು, ನಮ್ಮ ದೇಹವಲ್ಲ ಎಂದು ಬರೆದು ಪ್ರಕಟಿಸಿತು. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಮೈಕ್ ಆಲಿವರ್ 1983ರಲ್ಲಿ ಇದಕ್ಕೆ ಸಾಮಾಜಿಕ ಮಾದರಿ ಎಂದು ಹೆಸರಿಟ್ಟರು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾನೂನು ಬಂದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಕೋರ್ಸುಗಳು ಹುಟ್ಟಿಕೊಂಡವು. ಸಿರಕ್ಯೂಸಿನಲ್ಲಿ 1994ರಲ್ಲಿ ಆರಂಭವಾದದ್ದು ಮೊದಮೊದಲಿನವುಗಳಲ್ಲಿ ಒಂದು. ಬರವಣಿಗೆ ಕಲಿಸುವ ಮೇಷ್ಟ್ರುಗಳು ಇದನ್ನು ಯಾಕೆ ಕೈಗೆತ್ತಿಕೊಂಡರು ಎಂದು ತಿಳಿಯಬೇಕಾದರೆ ಕೆನಡಾದ ಜೇ ಡಾಲ್ಮೇಜ್ 2017ರಲ್ಲಿ ಪ್ರಕಟಿಸಿದ ‘ಅಕಡೆಮಿಕ್ ಏಬಲಿಸಂ’ ನೋಡಬಹುದು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ವಿಶ್ವವಿದ್ಯಾಲಯದ ಮುಂದಿನ ಎತ್ತರದ ಮೆಟ್ಟಿಲುಗಳ ಬಗ್ಗೆ ಅಷ್ಟು ಸಿಟ್ಟಿನಿಂದ, ಅಷ್ಟು ಶಿಸ್ತಿನಿಂದ ಬರೆದವರು ಕಡಿಮೆ.

ನಮ್ಮ ತರಗತಿ ಶುರುವಾದದ್ದು ಹೆಲೆನ್ ಕೆಲರ್ ಅವರಿಂದ. ನಮ್ಮ ಶಾಲೆಯ ಪಾಠಗಳಲ್ಲಿ ಕೆಲರ್ ಎಂದರೆ ನೀರಿನ ಪಂಪಿನ ಕೆಳಗೆ ಕೈಯೊಡ್ಡಿ ನಿಂತ ಹುಡುಗಿ. ಅಲ್ಲಿಂದ ಮುಂದಕ್ಕೆ ಆಕೆ ಬೆಳೆಯುವುದೇ ಇಲ್ಲ. ಆದರೆ ಅವರ ಆತ್ಮಕಥೆಯ ಬಹಳಷ್ಟು ಭಾಗ ಹುಟ್ಟಿದ್ದು ರ‍್ಯಾಡ್‌ಕ್ಲಿಫ್ ಕಾಲೇಜಿನ ಬರವಣಿಗೆ ತರಗತಿಯಲ್ಲಿ. ಚಾರ್ಲ್ಸ್ ಟೌನ್ಸೆಂಡ್ ಕೋಪ್‌ಲ್ಯಾಂಡ್ ಎಂಬ ಮೇಷ್ಟ್ರಿಗೆ ಬರೆದೊಪ್ಪಿಸಿದ ಪ್ರಬಂಧಗಳು ಪತ್ರಿಕೆಯಲ್ಲಿ ಧಾರಾವಾಹಿಯಾಗಿ, 1903ರಲ್ಲಿ ಪುಸ್ತಕವಾದವು. ಅಂದರೆ ಜಗತ್ತಿನಲ್ಲೇ ಅತಿ ಹೆಚ್ಚು ಓದಿಸಿಕೊಂಡ ಅಂಗವಿಕಲರ ಆತ್ಮಕಥೆ ಒಂದು ಕಾಲೇಜು ಅಸೈನ್‌ಮೆಂಟು! ತರಗತಿಯ ಹುಡುಗರಿಗೆ ಇದು ಬಹಳ ಹಿಡಿಸಿತು. ಅದಕ್ಕಿಂತ ಹಿಡಿಸಿದ್ದು 1908ರ ಅವರ ಇನ್ನೊಂದು ಪುಸ್ತಕದ ಮುನ್ನುಡಿ. ತನಗೆ ಶಿಕ್ಷಣ ಪದ್ಧತಿಯ ಬಗ್ಗೆ, ಸುಂಕ ನೀತಿಯ ಬಗ್ಗೆ ಬರೆಯುವ ಆಸೆ; ಸಂಪಾದಕರಿಗೋ ಆರನೇ ವಯಸ್ಸಿನಲ್ಲಿ ನಿಮಗೆ ಏನನ್ನಿಸುತ್ತಿತ್ತು ಎಂಬುದಷ್ಟೇ ಬೇಕು ಎಂದು ಅಲ್ಲಿ ಅವರು ಚುಚ್ಚಿದ್ದಾರೆ. ಮರುವರ್ಷ ಅವರು ಸೋಷಿಯಲಿಸ್ಟ್ ಪಕ್ಷ ಸೇರಿದರು. ಆ ಕೆಲರ್ ಯಾವ ಪಾಠಪುಸ್ತಕಕ್ಕೆ ಬೇಕು?

ಎರಡನೇ ಪ್ರಬಂಧ ಕ್ಯಾಂಪಸ್ಸಿನ ಒಂದು ಜಾಗವನ್ನು ಹುಡುಕಿ, ಅದರ ಮೇಲೆ ಬರೆಯುವುದು. ಯಾರ ನೋವನ್ನೂ ವರ್ಣಿಸಕೂಡದು, ಜಾಗವನ್ನು ಮಾತ್ರ ವರ್ಣಿಸಬೇಕು. ಮೆಕ್ಯಾನಿಕಲ್ ಎಂಜಿನಿಯರಿಂಗಿನ ಹುಡುಗನೊಬ್ಬ ಟೇಪು ಹಿಡಿದು ಗ್ರಂಥಾಲಯದ ಬಾಗಿಲಿಗೆ ಹೋದ. ಗುಂಡಿ ಒತ್ತಿದರೆ ತಾನಾಗಿ ತೆರೆಯುವ ಬಾಗಿಲು. ಗುಂಡಿ ಇದ್ದದ್ದು ಬಾಗಿಲು ಬೀಸಿ ಬರುವ ಪಥದಲ್ಲೇ. ಗಾಲಿಕುರ್ಚಿಯಲ್ಲಿ ಕೂತವರು ಗುಂಡಿ ಒತ್ತಿ, ಬಾಗಿಲು ಬಡಿಯುವ ಮೊದಲು ಹಿಂದಕ್ಕೆ ಉರುಳಿ, ಮತ್ತೆ ಮುಂದಕ್ಕೆ ಉರುಳಿ, ಅದು ಮುಚ್ಚಿಕೊಳ್ಳುವುದರೊಳಗೆ ನುಗ್ಗಬೇಕು. ಅವನು ಅಳತೆ ಹಾಕಿ, ಸೆಕೆಂಡು ಎಣಿಸಿ, ಈ ಕಸರತ್ತನ್ನು ಒಂದೂ ವಿಶೇಷಣ ಬಳಸದೆ ಬರೆದ. ಓದುತ್ತಿದ್ದರೆ ಮೈ ಉರಿಯುತ್ತಿತ್ತು. ಕಟ್ಟಡ ವಿಭಾಗಕ್ಕೂ ಒಂದು ಪ್ರತಿ ಕಳಿಸಿದ. ಈ ಬಜೆಟ್ ವರ್ಷದಲ್ಲಿ ಸಾಧ್ಯವಿಲ್ಲ ಎಂದು ಉತ್ತರ ಬಂತು. ಮುಂದಿನ ಪ್ರಬಂಧಕ್ಕೆ ಆ ಉತ್ತರವನ್ನೇ ಎತ್ತಿಕೊಂಡು, ಅದೇ ವರ್ಷ ಅದೇ ಕಟ್ಟಡದ ಮುಂದೆ ಹೂವಿನ ಪಾತಿಗಳಿಗೆ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದ. ಆರ್‌ಟಿಐ ಗೊತ್ತಿರುವ ನಮ್ಮ ಹಳ್ಳಿ ಹುಡುಗರು ಇದನ್ನು ಇನ್ನೂ ಚೆನ್ನಾಗಿ ಮಾಡಿಯಾರು.

ಇನ್ನೊಬ್ಬ ರೈತರ ಮನೆಯ ಹುಡುಗ. ಆ ಸೀಮೆಯೆಲ್ಲ ಜೋಳದ ಹೊಲ, ನಾವು ಮೆಕ್ಕೆಜೋಳ ಎನ್ನುವುದು. ಅವನ ತಾತ ತೆನೆ ಮುರಿಯುವ ಯಂತ್ರಕ್ಕೆ ಒಂದು ಕೈ ಕಳೆದುಕೊಂಡವರು. ಹಿಂದಿನ ಕಾಲದಲ್ಲಿ ಆ ಯಂತ್ರಗಳಿಗೆ ಅಲ್ಲಿನ ರೈತರು ಕೈ ಕೊಡುತ್ತಿದ್ದುದು ಮಾಮೂಲು. ದಂಟು ಸಿಕ್ಕಿಕೊಂಡಾಗ ಯಂತ್ರ ನಿಲ್ಲಿಸದೆ ಎಳೆಯಲು ಹೋಗುವುದು. ಗುಂಪಿನಲ್ಲಿ ಎಲ್ಲರೂ ತಾತನ ಬಗ್ಗೆ ಬರೆ, ತುಂಬಾ ಚೆನ್ನಾಗಿ ಬರುತ್ತದೆ ಎಂದರು. ಅವನು ಒಪ್ಪಲಿಲ್ಲ. ‘ತಾತನ ಕೈ ತಾತನದು, ನನ್ನ ಮಾರ್ಕ್ಸಿಗಲ್ಲ’ ಎಂದ. ಯಂತ್ರದ ಬಗ್ಗೆ ಬರೆದ. ಉರುಳೆಗಳ ವಿನ್ಯಾಸ, ಕಾವಲು ತಗಡು, ಮಳೆ ಬರುವುದರೊಳಗೆ ಬೆಳೆ ಒಳಗೆ ಸೇರಿಸುವ ಆತುರ, ಬ್ಯಾಂಕಿನ ಕಂತು. ಪ್ರಬಂಧದಲ್ಲಿ ತಾತ ಬರುವುದೇ ಇಲ್ಲ. ನಾನು ಅಲ್ಲಿ ಓದಿದ ಪ್ರಬಂಧಗಳಲ್ಲಿ ಅದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ನಮ್ಮ ಭತ್ತ ಬಡಿಯುವ ಯಂತ್ರ, ಕಬ್ಬಿನ ಗಾಣ, ಅಕ್ಕಿ ಗಿರಣಿಯ ಬೆಲ್ಟು, ಇವುಗಳ ಬಗ್ಗೆ ಹೀಗೆ ಬರೆಯಬಲ್ಲ ಮೊಮ್ಮಕ್ಕಳು ಮಂಡ್ಯದಲ್ಲೂ ರಾಯಚೂರಿನಲ್ಲೂ ಇದ್ದಾರೆ. ಹಾಗೆ ಬರೆಯಿರಿ ಎಂದು ಕೇಳುವ ತರಗತಿ ಇಲ್ಲ.

ತರಗತಿ ಎರಡು ಪಾಲಾದದ್ದು ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್ ಅವರ ಲೇಖನ ಓದಿದ ವಾರ. ಜಾನ್ಸನ್ ದಕ್ಷಿಣ ಕೆರೊಲಿನಾದ ವಕೀಲೆ, ಹುಟ್ಟಿನಿಂದ ಸ್ನಾಯುಗಳ ಕಾಯಿಲೆ, ಗಾಲಿಕುರ್ಚಿ. ತೀವ್ರ ಅಂಗವೈಕಲ್ಯವಿರುವ ನವಜಾತ ಶಿಶುವಿನ ಜೀವ ತೆಗೆಯಲು ತಂದೆತಾಯಿಗೆ ಅವಕಾಶವಿರಬೇಕು ಎಂದು ವಾದಿಸುವ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಅವರನ್ನು ಎದುರಿಸಲು ಪ್ರಿನ್ಸ್‌ಟನ್‌ಗೆ ಹೋದವರು. ಅದರ ಬಗ್ಗೆ 2003ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಬರೆದರು. ಎದುರಾಳಿಯ ಸೌಜನ್ಯವನ್ನು ಮುಚ್ಚಿಡದೆ, ತನ್ನ ದೇಹದ ಬಗ್ಗೆ ಕನಿಕರಕ್ಕೆ ಜಾಗ ಬಿಡದೆ ಬರೆದ ಲೇಖನ ಅದು. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು, ‘ನಾನು ನವಜಾತ ಶಿಶುಗಳ ಐಸಿಯುನಲ್ಲಿ ಸ್ವಯಂಸೇವಕಿ, ನೀವು ಯಾರೂ ಅಲ್ಲಿಗೆ ಬಂದಿಲ್ಲ’ ಎಂದಳು. ಆಟಿಸಂ ಇರುವ ತಮ್ಮನನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಇನ್ನೊಬ್ಬಳು ಉತ್ತರ ಕೊಟ್ಟಳು. ಮುಂದಿನ ತರಗತಿಯಲ್ಲಿ ಅಧ್ಯಾಪಕಿ ಇಬ್ಬರಿಗೂ ಒಂದೇ ಕೆಲಸ ಹಚ್ಚಿದರು: ಎದುರಿನವಳ ವಾದವನ್ನು ಒಂದು ಪುಟ ಬರೆಯಿರಿ, ಓದಿ ಅವಳು ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನಬೇಕು. ನರ್ಸಿಂಗ್ ಹುಡುಗಿ ಮತ್ತೆ ಮತ್ತೆ ತಿದ್ದಿ ಬರೆದಳು. ಅವಳ ಅಭಿಪ್ರಾಯ ಪೂರ್ತಿ ಬದಲಾಗಲಿಲ್ಲ, ಬದಲಾಗಲೇಬೇಕೆಂದು ಯಾರೂ ಕೇಳಲೂ ಇಲ್ಲ. ಆದರೆ ‘ಅಂಥ ಬದುಕು’ ಎಂಬ ಮಾತು ಅವಳ ಬರಹದಿಂದ ಬಿದ್ದುಹೋಯಿತು. ಅದರ ಜಾಗದಲ್ಲಿ ಉಸಿರಾಟದ ಕೊಳವೆ, ಆಹಾರದ ಕೊಳವೆ, ಮನೆಗೆ ಬರುವ ದಾದಿಯ ಸಂಬಳ ಬಂದವು.

ನನ್ನ ಪ್ರಬಂಧ ಉಕ್ತಲೇಖನದ ಬಗ್ಗೆ. ನಮ್ಮ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೊಮ್ಮೆ ಉಕ್ತಲೇಖನ, ತಪ್ಪಿಗೊಂದು ಏಟು. ಕಿವಿ ಕೇಳದ ಹುಡುಗಿ, ಏಟು, ಅಮ್ಮ ಜಡೆ ಹೆಣೆದು ಕಿವಿಯ ಯಂತ್ರ ಮುಚ್ಚುತ್ತಿದ್ದದ್ದು, ಹೀಗೆ ಮೊದಲ ಕರಡು. ಪಕ್ಕದಲ್ಲಿ ಕೂತಿದ್ದ ಹದಿನೆಂಟರ ಹುಡುಗ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದ: ಹೇಳುವಾಗ ಮೇಷ್ಟ್ರು ಎಲ್ಲಿ ನಿಂತಿರುತ್ತಿದ್ದರು? ಮೇಷ್ಟ್ರು ನಿಲ್ಲುತ್ತಿರಲಿಲ್ಲ, ಬೆಂಚುಗಳ ನಡುವೆ ಓಡಾಡುತ್ತ ಹೇಳುತ್ತಿದ್ದರು, ಯಾರೂ ನಕಲು ಮಾಡದಿರಲಿ ಎಂದು. ಅರ್ಧ ಹೊತ್ತು ಅವರು ನನ್ನ ಬೆನ್ನ ಹಿಂದೆ. ತಗಡಿನ ಮಾಡು, ಆಚೆ ರೈಲ್ವೆ ಹಳಿ, ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾಡಿಗಳು. ಪ್ರಶ್ನೆ ಓದಿದ ಮೇಲೆ ಪ್ರಬಂಧ ನನ್ನ ಕಿವಿಯಿಂದ ಹೊರಬಂದು ಆ ಕೋಣೆಯನ್ನು ಸುತ್ತತೊಡಗಿತು. ನಕಲು ಹಿಡಿಯುವುದಕ್ಕಾಗಿ ಹೂಡಿದ ಒಂದು ಪದ್ಧತಿ ಯಾರನ್ನು ದಡ್ಡರ ಪಟ್ಟಿಗೆ ಸೇರಿಸುತ್ತದೆ ಎಂದು ಬರೆಯಲು ಹೊರಟೆ. ಹಿಂದಿನ ಬೆಂಚಿನ ಇನ್ನಿಬ್ಬರೂ ನೆನಪಾದರು. ಅವರ ಕಿವಿಗೇನೂ ಆಗಿರಲಿಲ್ಲ, ಮನೆಯಲ್ಲಿ ಆಡುತ್ತಿದ್ದದ್ದು ಲಂಬಾಣಿ. ನನ್ನದೂ ಅವರದೂ ಒಂದೇ ಪ್ರಕರಣ ಎಂದು ಹೊಳೆದದ್ದು ಅಷ್ಟು ದೂರ ಹೋಗಿ, ಇಂಗ್ಲಿಷಿನಲ್ಲಿ ಬರೆಯುವಾಗ.

ಕೇಳಿಸುವ ವಿಚಾರಕ್ಕೆ ಬಂದರೆ, ನನಗಾಗಿ ವಿಶ್ವವಿದ್ಯಾಲಯ ಒಬ್ಬ ಶೀಘ್ರಲಿಪಿಗಾರರನ್ನು ಕೊಟ್ಟಿತ್ತು. ತರಗತಿಯಲ್ಲಿ ಯಾರೇ ಮಾತಾಡಲಿ, ಕ್ಷಣದೊಳಗೆ ನನ್ನ ಲ್ಯಾಪ್‌ಟಾಪಿನ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ಅಂಗವೈಕಲ್ಯ ಶೇಕಡ ಎಷ್ಟು ಎಂದು ಯಾರೂ ಕೇಳಲಿಲ್ಲ. ಏನು ಬೇಕು ಎಂದು ಕೇಳಿದರು. ಆ ಶೀಘ್ರಲಿಪಿಗಾರ್ತಿ ಎಷ್ಟು ಚುರುಕೆಂದರೆ, ಹಿಂದಿನ ಸಾಲಿನ ಹುಡುಗರ ಗೊಣಗಾಟವೂ ತೆರೆಯ ಮೇಲೆ ಬರುತ್ತಿತ್ತು. ಕಿವಿ ಚೆನ್ನಾಗಿದ್ದ ಅಧ್ಯಾಪಕಿಗೆ ಕೇಳದ್ದೆಲ್ಲ ನನಗೆ ಗೊತ್ತು! ವಿಷಯ ತಿಳಿದ ಮೇಲೆ ಹುಡುಗರು ಬಲು ಮರ್ಯಾದಸ್ಥರಾದರು. ಜೋಕಿಗೆ ಮಾತ್ರ ನಾನು ಎರಡು ಸೆಕೆಂಡು ತಡವಾಗಿ ನಗುತ್ತಿದ್ದೆ. ಆಮೇಲೆ ನನ್ನದೇ ತರಗತಿ ನಡೆಸುವಾಗ ಒಬ್ಬ ಮೆಕ್ಸಿಕೊ ಮೂಲದ ಹುಡುಗಿ, ಇಂಗ್ಲಿಷ್ ಅವಳಿಗೆ ಎರಡನೇ ಭಾಷೆ, ನಾನೂ ಆ ತೆರೆ ನೋಡಬಹುದೇ ಎಂದು ಕೇಳಿದಳು. ಒಂದು ತಿಂಗಳು ಕಳೆಯುವುದರೊಳಗೆ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಸಿದೆವು. ರಾತ್ರಿ ಕೆಲಸ ಮಾಡಿ ತೂಕಡಿಸುತ್ತ ಬರುತ್ತಿದ್ದವನೂ ಅದರ ಫಲಾನುಭವಿ.

ಅಲ್ಲಿನದೆಲ್ಲ ಚಿನ್ನ ಎನ್ನಲಾರೆ. ಕೆಲವರು ಆ ಕೋರ್ಸಿನಿಂದ ಕಲಿತದ್ದು ಸರಿಯಾದ ಪದಗಳನ್ನು ಮಾತ್ರ. ಪರೀಕ್ಷೆಗೆ ಉರು ಹೊಡೆದಂತೆ ಪದ ಹಾಕಿ, ಹಿಂದಿನ ಕನಿಕರವನ್ನೇ ಹೊಸ ಅಂಗಿ ತೊಡಿಸಿ ತರುತ್ತಿದ್ದರು. ತಮ್ಮ ಮನೆಯ ಕಾಯಿಲೆಯನ್ನು ಅಂಕಕ್ಕಾಗಿ ತೆರೆದಿಡುವ ಒತ್ತಡವೂ ಇತ್ತು. ಬಿಚ್ಚಿ ಹೇಳಿದವರಿಗೆ ಕಡಿಮೆ ಅಂಕ ಕೊಡಲು ಯಾವ ಮೇಷ್ಟ್ರಿಗೆ ಮನಸ್ಸು ಬರುತ್ತದೆ? ಸೆಮಿಸ್ಟರ್ ಕೊನೆಯ ಅನಾಮಧೇಯ ಅಭಿಪ್ರಾಯ ಪತ್ರದಲ್ಲಿ ಒಬ್ಬರು, ‘ನಾನು ಬರೆಯಲು ಕಲಿಯಬೇಕೆಂದು ದುಡ್ಡು ಕಟ್ಟಿದ್ದು, ರಾಜಕೀಯಕ್ಕಲ್ಲ’ ಎಂದು ಬರೆದಿದ್ದರು. ಪೂರಾ ತಳ್ಳಿಹಾಕುವ ಮಾತಲ್ಲ. ವಾಕ್ಯ ತಿದ್ದುವ ಕೆಲಸ ಬಿಟ್ಟು ಮನಸ್ಸು ತಿದ್ದುವ ಹುಮ್ಮಸ್ಸಿಗೆ ಬಿದ್ದ ಅಧ್ಯಾಪಕರು ಅಲ್ಲಿ ಇದ್ದರು, ಇಲ್ಲೂ ಇರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅಧ್ಯಾಪಕಿ ಬಗ್ಗುತ್ತಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತು ನಿಮಿಷ ನಡೆಯೋಣವೇ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಅವರು ಬೇಡ ಎನ್ನುತ್ತಿದ್ದರು. ಹತ್ತು ನಿಮಿಷದ ಕುರುಡು ಭಯವನ್ನು ಮಾತ್ರ ಕಲಿಸುತ್ತದೆ. ಹತ್ತು ವರ್ಷ ಕೋಲು ಹಿಡಿದು ನಡೆದವರ ಜಾಣ್ಮೆ ಅದರಿಂದ ತಿಳಿಯುವುದಿಲ್ಲ. ನಮ್ಮಲ್ಲಿ ಜಾಗೃತಿ ಕಾರ್ಯಕ್ರಮ ಎಂದರೆ ಈ ಬಟ್ಟೆ ಕಟ್ಟುವ ಆಟ, ಒಂದು ಜಾಥಾ, ಒಂದು ಗುಂಪು ಫೋಟೊ.

ಇನ್ನು ನಮ್ಮ ಮನೆಯ ಲೆಕ್ಕ ನೋಡೋಣ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. 2016ರ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಸೀಟು ಮೀಸಲಿಡಬೇಕು ಎನ್ನುತ್ತದೆ. ಅದೇ ಕಾಯ್ದೆಯ 39ನೇ ಸೆಕ್ಷನ್, ಅಂಗವಿಕಲರ ಹಕ್ಕುಗಳು ವಿಶ್ವವಿದ್ಯಾಲಯ, ಕಾಲೇಜು, ಶಾಲೆಗಳ ಪಠ್ಯಕ್ರಮದಲ್ಲಿ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದೂ ಹೇಳುತ್ತದೆ. ಸೀಟಿನ ಮಾತು ಎಲ್ಲರಿಗೂ ಗೊತ್ತು, ಪಠ್ಯಕ್ರಮದ ಮಾತು ಯಾರಿಗೂ ನೆನಪಿಲ್ಲ. ಬಿ.ಎಡ್.ನಲ್ಲಿ ಎಲ್ಲರನ್ನೂ ಒಳಗೊಳ್ಳುವ ಶಾಲೆಯ ಬಗ್ಗೆ ಒಂದು ಪತ್ರಿಕೆ ಇದೆ. ಅಲ್ಲಿಗೆ ಮುಗಿಯಿತು. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಹುಡುಗರೆಲ್ಲ ಓದುವ ಕನ್ನಡ ಭಾಷಾ ಪಠ್ಯದಲ್ಲಿ ಜಾತಿ ಇದೆ, ಹೆಣ್ಣು ಇದೆ, ಪರಿಸರ ಇದೆ. ದೇಹ ಬಂದರೆ ಒಂದು ಕವಿತೆಯಲ್ಲಿ ಇಣುಕಿ ಹೋಗುತ್ತದೆ.

ಬರವಣಿಗೆಗೂ ಇದಕ್ಕೂ ಏನು ಸಂಬಂಧ ಎನ್ನುವವರು ಒಂದು ಪರೀಕ್ಷಾ ಕೊಠಡಿಗೆ ಬರಬೇಕು. ಕಣ್ಣು ಕಾಣದ ಬಿ.ಎ. ವಿದ್ಯಾರ್ಥಿನಿ ಉತ್ತರ ಹೇಳುತ್ತಾಳೆ, ಪಕ್ಕದಲ್ಲಿ ಕೂತ ಪಿಯುಸಿ ಹುಡುಗ ಬರೆಯುತ್ತಾನೆ. ಅಭ್ಯರ್ಥಿಯೇ ಕರೆತರುವ ಬರಹಗಾರ ಅವಳಿಗಿಂತ ಒಂದು ಹಂತ ಕೆಳಗಿನ ತರಗತಿಯವನಾಗಿರಬೇಕು ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ಅವಳು ‘ವೈದಗ್ಧ್ಯ’ ಎನ್ನುತ್ತಾಳೆ. ಹುಡುಗ ಯಾವ ಒತ್ತು, ಯಾವ ಮಹಾಪ್ರಾಣ ಎಂದು ಕೇಳುತ್ತಾನೆ. ಅವಳು ಒಂದೊಂದೇ ಬಿಡಿಸಿ ಹೇಳುವಷ್ಟರಲ್ಲಿ ಮುಂದಿನ ವಾಕ್ಯ ಮರೆತಿರುತ್ತದೆ. ಕೊನೆಗೆ ‘ಜಾಣತನ’ ಎಂದು ಬರಿ ಸಾಕು ಎನ್ನುತ್ತಾಳೆ. ಆ ಉತ್ತರಪತ್ರಿಕೆಯ ಶೈಲಿ ಯಾರದು, ತಪ್ಪು ಯಾರದು, ಅಂಕ ಯಾರಿಗೆ? ಭಾಷಾಶಾಸ್ತ್ರದವರೂ ಸಾಹಿತ್ಯದವರೂ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದು. ಈಗ ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಬಿಟ್ಟಿದ್ದೇವೆ.

ಇದರ ಬಗ್ಗೆ ನಮ್ಮದೇ ದೇಶದ ಒಳ್ಳೆಯ ಓದುಪಠ್ಯ ಒಂದಿದೆ: 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ವಿಕಾಶ್ ಕುಮಾರ್ ಪ್ರಕರಣದ ತೀರ್ಪು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ, ಶೇ 40ರ ಅಂಗವೈಕಲ್ಯ ಇಲ್ಲವೆಂದು ಯುಪಿಎಸ್‌ಸಿ ಬರಹಗಾರನನ್ನು ಕೊಡಲಿಲ್ಲ. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ, ಶೇಕಡಾವಾರು ಗೆರೆ ಎಲ್ಲ ಸೌಲಭ್ಯಕ್ಕೂ ಅನ್ವಯಿಸುವುದಿಲ್ಲ ಎಂದಿತು. 2022ರಲ್ಲಿ ಕೇಂದ್ರ ಹೊಸ ಮಾರ್ಗಸೂಚಿ ತಂದಿತು. 60 ಡೆಸಿಬಲ್ಲಿನ ಈಚೆ ಕೂತಿರುವ ನಾನು ಆ ತೀರ್ಪನ್ನು ಕಾದಂಬರಿ ಓದುವಂತೆ ಓದಿದ್ದೇನೆ. ಪದವಿ ತರಗತಿಗೆ ಅದರ ಹತ್ತು ಪುಟ ಕನ್ನಡದಲ್ಲಿ ಕೊಟ್ಟರೆ ವಾದ ಕಟ್ಟುವುದು ಹೇಗೆಂದು ಬೇರೆ ಪಾಠ ಬೇಕಿಲ್ಲ.

ಕನ್ನಡದ ಓದಿಗೇನು ಬರ? ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಗೂನುಬೆನ್ನಿನ ಮಂಥರೆಯನ್ನು ಮಮತೆಯ ಸುಳಿ ಎಂದು ಕರೆದರು. ಗೂನು ಬೆನ್ನು ಎಂದರೆ ಗೂನು ಮನಸ್ಸು ಎಂಬ ಹಳೆಯ ಸಮೀಕರಣವನ್ನು ಅಷ್ಟು ದೊಡ್ಡ ಮಟ್ಟದಲ್ಲಿ ಮುರಿದ ಕಾವ್ಯ ನಮ್ಮದು. ಅದನ್ನು ಔದಾರ್ಯದ ಉದಾಹರಣೆಯಾಗಿ ಪಾಠ ಮಾಡಿ ಮುಗಿಸುತ್ತೇವೆ. ಕಾರ್ನಾಡರ ‘ನಾಗಮಂಡಲ’ದಲ್ಲಿ ಕುರುಡವ್ವನಿಗೆ ಹೆಸರೇ ಅವಳ ಕಣ್ಣು, ಅವಳನ್ನು ಹೊತ್ತು ತಿರುಗುವ ಮಗ ಕಪ್ಪಣ್ಣ. ಹೊರುವವನ ಬೆನ್ನಿನ ಬಗ್ಗೆ ಯಾರಾದರೂ ಪ್ರಬಂಧ ಬರೆದಿದ್ದಾರೆಯೇ? ತ್ರಿವೇಣಿಯವರ ‘ಶರಪಂಜರ’, ಅದರಿಂದ ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ ಸಿನಿಮಾ, ಎರಡೂ ಹುಡುಗರಿಗೆ ಸುಲಭವಾಗಿ ಸಿಗುತ್ತವೆ. ಕಾವೇರಿಯ ಕಾಯಿಲೆ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ, ವಾಸಿಯಾಗದೆ ಉಳಿಯುವುದು ಮನೆಯವರ ಕಣ್ಣು. ಸಾಮಾಜಿಕ ಮಾದರಿ ಎಂಬುದನ್ನು ಮೈಕ್ ಆಲಿವರ್ ಇಲ್ಲದೆಯೂ ಕಲ್ಪನಾ ಅವರ ಅಭಿನಯದಿಂದ ಕಲಿಸಬಹುದು. ಇನ್ನು ಧೃತರಾಷ್ಟ್ರ. ಹಿರಿಯನಾದರೂ ಕಣ್ಣಿಲ್ಲವೆಂದು ಪಟ್ಟ ತಪ್ಪಿತು. ನೇಮಕಾತಿಯ ಅರ್ಹತೆ, ದೇಹ, ಸಾಮರ್ಥ್ಯ ಈ ಮೂರರ ತಕರಾರು ಇದಕ್ಕಿಂತ ಹಳೆಯದು ಎಲ್ಲಿ ಸಿಕ್ಕೀತು? ತಾಳಮದ್ದಲೆಯ ಅರ್ಥಧಾರಿಯೊಬ್ಬರು ಅವನ ಪರ ನಿಂತು ಒಂದು ಗಂಟೆ ವಾದಿಸಬಲ್ಲರು. ವಾದ ಕಲಿಯಲು ಅಮೆರಿಕಕ್ಕೇ ಹೋಗಬೇಕೆಂದು ಹೇಳಿದರೆ ಕರಾವಳಿಯವರು ನನ್ನನ್ನು ಬಿಡಲಿಕ್ಕಿಲ್ಲ.

ಆಕ್ಷೇಪಗಳು ಬರುತ್ತವೆ. ಈಗಾಗಲೇ ಪಠ್ಯ ಭಾರ ಎನ್ನುವುದು ಒಂದು. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ಮಾಡಿದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಎರಡು ಸಲ ಇಡೀ ಪಠ್ಯಕ್ರಮ ಬಿಚ್ಚಿ ಹೊಲಿಯಲು ಸಮಯವಿದ್ದವರಿಗೆ ಒಂದು ಘಟಕ ಸೇರಿಸಲು ಸಮಯ ಇರುತ್ತದೆ. ಯಾರು ಕಲಿಸುತ್ತಾರೆ ಎನ್ನುವುದು ನಿಜವಾದ ಪ್ರಶ್ನೆ. ಭಾಷಾ ತರಗತಿಯಲ್ಲಿ ಎಂಬತ್ತು ಹುಡುಗರು, ಎದುರಿಗೆ ಸಂಬಳ ಯಾವಾಗ ಬರುತ್ತದೋ ಎಂದು ಕಾಯುವ ಅತಿಥಿ ಉಪನ್ಯಾಸಕರು. ನಾನು ಕಂಡ ತರಗತಿ ನಡೆದದ್ದು ಇಪ್ಪತ್ತು ಚಿಲ್ಲರೆ ಜನರಿಗೆ, ಪ್ರತಿಯೊಬ್ಬರ ಕರಡನ್ನೂ ಓದುವ ವ್ಯವಧಾನವಿದ್ದಾಗ. ಎಂಬತ್ತು ಪ್ರಬಂಧ ತಿದ್ದು ಎಂದು ಯಾರನ್ನೂ ಕೇಳಲಾಗದು. ಆದರೆ ಹುಡುಗರು ಪರಸ್ಪರರ ಕರಡಿನ ಅಂಚಿನಲ್ಲಿ ಒಂದೊಂದು ಪ್ರಶ್ನೆ ಬರೆಯಬಹುದು. ನನ್ನ ಪ್ರಬಂಧವನ್ನು ತಿರುಗಿಸಿದ್ದು ಯಾವ ಪ್ರೊಫೆಸರೂ ಅಲ್ಲ. ಇಬ್ಬರು ಮೂವರು ಅಂಗವಿಕಲ ವಿದ್ಯಾರ್ಥಿಗಳು ತರಗತಿಯಲ್ಲಿದ್ದರೆ ಅವರೇ ಮುಜುಗರಪಡುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪಡಬಹುದು. ಅದಕ್ಕೇ ರೈತರ ಮನೆಯ ಹುಡುಗನ ನಿಯಮ ಇಟ್ಟುಕೊಳ್ಳಬೇಕು: ಸ್ವಂತ ಕಥೆ ಯಾರೂ ಹೇಳಬೇಕಾಗಿಲ್ಲ, ಹೇಳಿದರೆ ಅದಕ್ಕೆ ಬೇರೆ ಅಂಕ ಇಲ್ಲ.

ದುಡ್ಡಿನ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಶೀಘ್ರಲಿಪಿಗಾರರನ್ನು ಕೊಡಿ ಎಂದು ನಾನು ನಾಳೆಯೇ ಕೇಳುತ್ತಿಲ್ಲ, ನಾಳಿದ್ದು ಕೇಳುತ್ತೇನೆ. ಈಗ ಬೇಕಾದ್ದು ಕನ್ನಡ ಅಧ್ಯಯನ ಮಂಡಳಿಯ ಒಂದು ಸಭೆ, ಐದು ಓದುಪಠ್ಯ, ಮೂರು ಬರವಣಿಗೆ. ಮೊದಲ ಬರವಣಿಗೆಯನ್ನು ನಾನೇ ಸೂಚಿಸುತ್ತೇನೆ. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತ, ಕಣ್ಣು ಕಾಣದವರಿಗೆ ತೆರೆಯ ಮೇಲಿನದನ್ನು ಓದಿ ಹೇಳುತ್ತದೆ, ಯೂನಿಕೋಡ್ ಕನ್ನಡವನ್ನೂ ಓದುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಕೊಟ್ಟರೆ ಅದಕ್ಕೆ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಬಡಬಡಿಸುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಬಾಯೇ ಬಿಡುವುದಿಲ್ಲ. ಪ್ರತಿ ವಿದ್ಯಾರ್ಥಿಯೂ ತನ್ನ ವಿಶ್ವವಿದ್ಯಾಲಯದ ಜಾಲತಾಣದಿಂದ ಒಂದು ಸುತ್ತೋಲೆ ಇಳಿಸಿಕೊಂಡು ಎನ್‌ವಿಡಿಎಯಿಂದ ಓದಿಸಲಿ, ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಬರೆದುಕೊಳ್ಳಲಿ, ಕೆಳಗೆ ಎರಡು ಪುಟ ವಾದ ಬರೆದು ಕುಲಸಚಿವರಿಗೆ ಕಳಿಸಲಿ. ‘ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದವರಿಗೆ ಎರಡು ಅಂಕ ಕಡಿತ.